ಅಮ್ಮನ ಕಾಲು ಜೋಮು, ಇಂಗ್ಲೆಂಡಿನ ಜಿಪಿ ಅಪಾಯಿಂಟ್‌ಮೆಂಟ್

"ಬೆಳಿಗ್ಗೆ ಸರ್ಜರಿಗೆ ಫೋನ್ ಮಾಡ್ತೀನಮ್ಮ" ಅಂದಿದ್ದೇ ತಡ, ಅಮ್ಮ ಗಾಬರಿಯಾದರು. "ಕಾಲು ಜೋಮು ಹಿಡಿಯುತ್ತೆ ಅಂದೆನಲ್ಲೇ, ಅದಕ್ಕೂ ಆಪರೇಷನ್ನಾ?" ಇಂಗ್ಲೆಂಡಿನಲ್ಲಿ ಮನೆ ಹತ್ತಿರದ ಡಾಕ್ಟರ ಕ್ಲಿನಿಕ್ಕಿಗೇ ಸರ್ಜರಿ ಅಂತ ಹೆಸರು. ಅಲ್ಲಿ ಕೂರುವ ಡಾಕ್ಟರು ಜಿಪಿ. ಇದನ್ನು ಬಿಡಿಸಿ ಹೇಳಿದ ಮೇಲೆ ಅಮ್ಮ ಕಾಫಿ ಲೋಟ ಕೈಗೆತ್ತಿಕೊಂಡರು.

ತುಮಕೂರಿನಲ್ಲಿ ನಮ್ಮ ಡಾಕ್ಟರ ಹತ್ತಿರ ಹೋಗೋಕೆ ಇಷ್ಟೆಲ್ಲ ಇರಲಿಲ್ಲ. ಸಂಜೆ ಐದೂವರೆಗೆ ಹೋಗಿ ಕಾಂಪೌಂಡರ್ ಹತ್ತಿರ ಹೆಸರು ಬರೆಸಿದರೆ ಟೋಕನ್ ಸಿಗುತ್ತಿತ್ತು. ಇಲ್ಲಿ ಸುಮ್ನೆ ಹೋಗಿ ಬೆಂಚಿನ ಮೇಲೆ ಕೂತರೆ ಯಾರೂ ಒಳಗೆ ಕರೆಯಲ್ಲ. ಮೊದಲು ಬುಕ್ ಆಗಬೇಕು.

ಬಂದ ಹೊಸದರಲ್ಲಿ ನನಗೆ ಗೊತ್ತಿದ್ದದ್ದು ಒಂದೇ ದಾರಿ, ಬೆಳಿಗ್ಗೆ ಎಂಟಕ್ಕೆ ಫೋನ್. 7:59ಕ್ಕೆ ಮಾಡಿದರೆ "ಇನ್ನೂ ತೆರೆದಿಲ್ಲ" ಅಂತ ರೆಕಾರ್ಡಿಂಗ್ ಬಂದು ಕಟ್ ಆಗುತ್ತಿತ್ತು. ಎಂಟು ಹೊಡೆದು ಅರ್ಧ ನಿಮಿಷಕ್ಕೆ ಮಾಡಿದರೆ "ನೀವು ಸಾಲಿನಲ್ಲಿ 19ನೆಯವರು." ನನ್ನ ಸರದಿ ಬರುವ ಹೊತ್ತಿಗೆ ಅವತ್ತಿನ ಅಪಾಯಿಂಟ್‌ಮೆಂಟ್ ಮುಗಿದಿರುತ್ತಿತ್ತು. ರಿಸೆಪ್ಷನ್‌ನವರು "ಏನು ತೊಂದರೆ?" ಅಂತ ಕೇಳಿದರೆ ನನಗೆ ಮುಜುಗರ. ಡಾಕ್ಟರಿಗೆ ಹೇಳೋದನ್ನ ಇವರಿಗ್ಯಾಕೆ ಹೇಳಬೇಕು ಅನ್ನಿಸುತ್ತಿತ್ತು. "ಸ್ವಲ್ಪ ಹುಷಾರಿಲ್ಲ" ಅಂದುಬಿಡುತ್ತಿದ್ದೆ. ಎರಡು ವಾರ ಆದಮೇಲಿನ ದಿನಾಂಕ ಸಿಗುತ್ತಿತ್ತು. ಯಾರಿಗೆ ಇವತ್ತೇ ಡಾಕ್ಟರ್ ಬೇಕು, ಯಾರಿಗೆ ನರ್ಸ್ ಸಾಕು, ಯಾರು ಫಾರ್ಮಸಿಗೆ ಹೋದರೆ ಆಗುತ್ತೆ ಅಂತ ವಿಂಗಡಿಸೋಕೆ ಅವರು ಕೇಳೋದು. ನಾವು ಬಾಯಿ ಬಿಟ್ಟು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಮಗನಿಗೆ ಕಿವಿನೋವು ಬಂದಾಗ ಇನ್ನೊಂದು ವಿಷಯ ತಿಳಿಯಿತು. 2024ರ ಜನವರಿ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ 'ಫಾರ್ಮಸಿ ಫಸ್ಟ್' ಶುರುವಾಗಿದೆ. ಗಂಟಲುನೋವು, ಸೈನಸ್, ಮಕ್ಕಳ ಕಿವಿನೋವು, ಸರ್ಪಸುತ್ತು, ಹೆಂಗಸರ ಉರಿಮೂತ್ರ ಹೀಗೆ ಏಳು ತೊಂದರೆಗಳಿಗೆ ಫಾರ್ಮಸಿಸ್ಟೇ ನೋಡಿ, ಬೇಕಾದರೆ ಆ್ಯಂಟಿಬಯಾಟಿಕ್ ಕೂಡ ಕೊಡಬಹುದು. ಒಂದೊಂದಕ್ಕೂ ವಯಸ್ಸಿನ ಮಿತಿ ಇದೆ. ಉರಿಮೂತ್ರಕ್ಕೆ 16ರಿಂದ 64, ಹಾಗಾಗಿ 68ರ ಅಮ್ಮನಿಗೆ ಅದು ಆಗಲ್ಲ. ಮಗನ ಕಿವಿಯೊಳಗೆ ಲೈಟ್ ಬಿಟ್ಟು ನೋಡಿ, ಔಷಧಿ ಕೊಟ್ಟು ಕಳಿಸಿದರು. ಫೋನ್ ಸಾಲಿನಲ್ಲಿ ನಿಲ್ಲುವುದೇ ತಪ್ಪಿತು.

ಅಮ್ಮ ನಮ್ಮಲ್ಲಿ ಹತ್ತು ವಾರ ಇರೋಕೆ ಬಂದಿದ್ದರು. ವಿಸಿಟರ್ ವೀಸಾದಲ್ಲಿ ಬಂದವರನ್ನ ಜಿಪಿ ನೋಡಲ್ಲ ಅಂತ ನಮ್ಮವರಲ್ಲಿ ತುಂಬಾ ಜನ ನಂಬಿದ್ದಾರೆ. ಅದು ಸರಿಯಲ್ಲ. ಮೂರು ತಿಂಗಳ ಒಳಗೆ ಇರುವವರನ್ನು ತಾತ್ಕಾಲಿಕ ರೋಗಿಯಾಗಿ ಸೇರಿಸಿಕೊಳ್ಳಬಹುದು, ಜಿಪಿಗೆ ತೋರಿಸೋಕೆ ದುಡ್ಡು ಕೊಡಬೇಕಿಲ್ಲ. ಆಸ್ಪತ್ರೆಗೆ ಕಳಿಸಿದರೆ ಮಾತ್ರ ಬಿಲ್ ದೊಡ್ಡದಾಗಿ ಬರುತ್ತೆ. ಇನ್ಶೂರೆನ್ಸ್ ಮಾಡಿಸದೆ ಅಪ್ಪ ಅಮ್ಮನನ್ನು ವಿಮಾನ ಹತ್ತಿಸಬೇಡಿ.

ಅಮ್ಮನಿಗೆ ಫೋನ್ ಮಾಡ್ತೀನಿ ಅಂದಿದ್ದರೂ ಈ ಸಲ ನಾನು ಫೋನ್ ಹಿಡಿಯಲಿಲ್ಲ. 2025ರ ಅಕ್ಟೋಬರ್ 1ರಿಂದ ಸರ್ಜರಿಗಳು, ನಮ್ಮ ತೊಂದರೆ ಬರೆದು ಕಳಿಸುವ ಆನ್‌ಲೈನ್ ಫಾರ್ಮನ್ನು ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 8ರಿಂದ ಸಂಜೆ 6:30ರ ತನಕ ತೆರೆದಿಡಬೇಕು ಅನ್ನೋ ನಿಯಮ ಬಂದಿದೆ. ಎದೆನೋವು, ಉಸಿರಾಟದ ತೊಂದರೆ ಅಂಥದ್ದಕ್ಕೆ ಈ ಫಾರ್ಮ್ ಅಲ್ಲ, ನೇರ ತುರ್ತು ಸೇವೆಯ 999ಕ್ಕೆ ಫೋನ್. ಸರ್ಜರಿ ಮುಚ್ಚಿರುವಾಗ ಏನು ಮಾಡೋದು ಗೊತ್ತಾಗದಿದ್ದರೆ ಆರೋಗ್ಯ ಸಲಹೆಯ 111ಕ್ಕೆ.

ಫಾರ್ಮ್ ತುಂಬುವ ಮುಂಚೆ ಅಮ್ಮನ ಪಕ್ಕ ಪೆನ್ನು ಹಾಳೆ ಹಿಡಿದು ಕೂತೆ. ಅಮ್ಮ ಅಂದದ್ದು, "ಪಾದ ಎಲ್ಲ ಜುಮ್ ಅನ್ನುತ್ತೆ. ಹತ್ತಿ ಮೇಲೆ ನಡೆದ ಹಾಗಾಗುತ್ತೆ." ಜೋಮು ಅನ್ನೋದಕ್ಕೆ ಇಂಗ್ಲಿಷ್ ಪದ ಹುಡುಕಿ ಅಷ್ಟೇ ಬರೆದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಒಂದೊಂದಾಗಿ ಕೇಳುತ್ತಾ ಹೋದೆ. ಒಂದು ಕಾಲೋ ಎರಡೋ? ಯಾವಾಗಿಂದ? ಗಾಯ ಏನಾದರೂ ಇದೆಯಾ? ಕೊನೆಗೆ ಬರೆದದ್ದು ಇಷ್ಟೇ: ವಯಸ್ಸು 68. 12 ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆ ತಗೋತಾರೆ. ಮೂರು ವಾರದಿಂದ ಎರಡೂ ಪಾದದಲ್ಲಿ ಜೋಮು, ರಾತ್ರಿ ಜಾಸ್ತಿ. ಹತ್ತಿ ಮೇಲೆ ನಡೆದ ಹಾಗೆ. ಗಾಯ ಇಲ್ಲ. ಆ ಹತ್ತಿಯ ಮಾತನ್ನು ಅಮ್ಮ ಹೇಳಿದ ಹಾಗೇ ಬಿಟ್ಟೆ. ಕೆಳಗೆ ಒಂದು ಸಾಲು ಸೇರಿಸಿದೆ: ಕನ್ನಡ ಇಂಟರ್‌ಪ್ರಿಟರ್ ಬೇಕು.

ಎಂಟೂಕಾಲಿಗೆ ಕಳಿಸಿದೆ. ಊಟದ ಹೊತ್ತಿಗೆ ಮೆಸೇಜ್ ಬಂತು. ಮಾರನೇ ದಿನಕ್ಕೆ ಅಪಾಯಿಂಟ್‌ಮೆಂಟ್, ಹತ್ತು ನಿಮಿಷದ ಬದಲು ಇಪ್ಪತ್ತು.

ಇಂಟರ್‌ಪ್ರಿಟರ್‌ಗೆ ನಾವು ಏನೂ ಕೊಡಬೇಕಾಗಿಲ್ಲ, ಆದರೆ ಬುಕ್ ಮಾಡುವಾಗಲೇ ಕೇಳಬೇಕು. ಮುಂಚೆ ಒಂದು ಸಲ ನಾನೇ ಅನುವಾದ ಮಾಡಿದ್ದೆ, ನಾನಿದ್ದರೆ ಸಾಕು ಅಂದುಕೊಂಡಿದ್ದೆ. ಈ ಸಲ ಡಾಕ್ಟರು ಅಮ್ಮನಿಗೆ ಕಣ್ಣು ಮುಚ್ಚೋಕೆ ಹೇಳಿ, ತೆಳ್ಳಗಿನ ನೈಲಾನ್ ಎಳೆಯಿಂದ ಅಂಗಾಲು ಮುಟ್ಟುತ್ತಾ ಹೋದರು. ಹೆಬ್ಬೆರಳ ಹತ್ತಿರ ಎಳೆ ಬಾಗುವಷ್ಟು ಒತ್ತಿದರೂ ಅಮ್ಮ "ಹೂಂ" ಅನ್ನಲಿಲ್ಲ. "ಬಿದ್ದಿದ್ದೀರಾ?" ಅಂತ ಕೇಳಿದರು. ಸ್ಪೀಕರ್‌ನಲ್ಲಿದ್ದ ಇಂಟರ್‌ಪ್ರಿಟರ್ ಹೆಂಗಸು ಅದನ್ನೇ ನಿಧಾನವಾಗಿ, ನಮ್ಮ ಕಡೆಯ ಕನ್ನಡದಲ್ಲಿ ಕೇಳಿದರು. ಅಮ್ಮ ನನ್ನ ಕಡೆ ನೋಡಲಿಲ್ಲ. ಫೋನಿನ ಕಡೆ ಬಗ್ಗಿ, "ಬಚ್ಚಲಲ್ಲಿ ಎರಡು ಸಲ ಬಿದ್ದೆ ಕಣಮ್ಮ. ಮಗಳು ಹೆದರ್ಕೋತಾಳೆ ಅಂತ ಹೇಳಿರಲಿಲ್ಲ" ಅಂದರು.