ಹಳೆಯ ಕಾಲೇಜು ಫುಟ್‌ಬಾಲ್ ಪಟ್ಟಿ ಓದುವುದು ಹೇಗೆ: 1951ರ ಸ್ಯಾನ್ ಫ್ರಾನ್ಸಿಸ್ಕೊ ಡಾನ್ಸ್

ಬ್ಯಾಂಕ್ ನೌಕರಿಯ ಜೊತೆಗೆ ಇಪ್ಪತ್ತು ವರ್ಷ ಶಿವಮೊಗ್ಗದಲ್ಲಿ ಭಾನುವಾರದ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆದವನು ನಾನು. ಸ್ಕೋರ್ ಪುಸ್ತಕ ತೆರೆದರೆ ಆಟವೇ ಕಣ್ಣಮುಂದೆ ಬರುತ್ತದೆ ಅಂತ ಒಂದು ಜಂಬ ಇತ್ತು. ಮಗಳ ಮನೆಗೆಂದು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು, ಗೋಲ್ಡನ್ ಗೇಟ್ ಪಾರ್ಕಿನ ಮೂಲೆಯ ಕೆಜಾರ್ ಮೈದಾನದಲ್ಲಿ ಬೆಳಗಿನ ವಾಕಿಂಗ್ ಶುರು ಮಾಡಿದ ಮೇಲೆ ಅದು ಇಳಿಯಿತು. ಇಲ್ಲಿ ಆಡುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಡಾನ್ಸ್ ತಂಡದ 1951ರ ಪಂದ್ಯಗಳ ಪಟ್ಟಿಯನ್ನು ಅಳಿಯಂದಿರು ಕೈಗಿಟ್ಟರು. ಒಂಬತ್ತು ಸಾಲು. ತಲೆಬುಡ ಗೊತ್ತಾಗಲಿಲ್ಲ. ನಿಮಗೂ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಲಲ್ಲಿ ಒದೆಯುವ ಫುಟ್‌ಬಾಲನ್ನು ಮರೆತುಬಿಡಿ. ಇದು ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕದ ಆಟ. ವಾರಕ್ಕೆ ಒಂದೇ ಪಂದ್ಯ, ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ. ಹಾಗಾಗಿ ಒಂಬತ್ತು ಪಂದ್ಯ ಅಂದರೆ ಇಡೀ ವರ್ಷದ ಬೆಳೆ. ತಂಡದ ಹೆಸರಿನ ಪಕ್ಕ 9–0 ಅಂತಿದ್ದರೆ ಒಂಬತ್ತು ಗೆಲುವು, ಸೋಲಿಲ್ಲ. ಕೆಲವು ಕಡೆ ಮೂರನೆಯ ಅಂಕಿಯೂ ಇರುತ್ತದೆ, ಅದು ಡ್ರಾ. ಹೆಚ್ಚುವರಿ ಆಟ ಆಡಿಸಿ ಇತ್ಯರ್ಥ ಮಾಡುವ ನಿಯಮ ಎಲ್ಲ ದೊಡ್ಡ ಕಾಲೇಜು ಪಂದ್ಯಗಳಿಗೂ ಬಂದದ್ದು 1996ರಲ್ಲಿ.

ಇನ್ನು ಸ್ಕೋರು. ಲೊಯೋಲಾ ವಿರುದ್ಧದ ಕೊನೆಯ ಪಂದ್ಯ 20–2. ಆ 2 ಅಚ್ಚಿನ ತಪ್ಪು ಅಂತಲೇ ನಾನು ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದೆ. ಅಲ್ಲ. ಚೆಂಡನ್ನು ಎದುರಾಳಿಯ ಗೋಲಿನ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6; ಅದರ ಬೆನ್ನಿಗೆ ಚೆಂಡನ್ನು ಗೋಲು ಕಂಬಗಳ ನಡುವೆ ಒದ್ದರೆ 1; ಆಟದ ನಡುವೆ ಹಾಗೆ ಒದ್ದರೆ ಫೀಲ್ಡ್ ಗೋಲ್, ಅದಕ್ಕೆ 3. ಚೆಂಡು ಹಿಡಿದವನನ್ನು ಅವನದೇ ಗೋಲಿನ ಗೆರೆಯ ಹಿಂದೆ ಕೆಡವಿದರೆ 2, ಇದಕ್ಕೆ ಸೇಫ್ಟಿ ಅನ್ನುತ್ತಾರೆ. ಟಚ್‌ಡೌನ್ ಆದ ಮೇಲೆ ಒದೆಯುವ ಬದಲು ಓಡಿ ಎರಡು ಅಂಕ ಗಳಿಸುವ ಅವಕಾಶ 1958ರವರೆಗೆ ಇರಲೇ ಇಲ್ಲ. ಆದ್ದರಿಂದ ಈ ಕಾಲದ ಪಟ್ಟಿಯಲ್ಲಿ ಒಂಟಿ 2 ಕಂಡರೆ ಕಣ್ಣು ಮುಚ್ಚಿಕೊಂಡು ಸೇಫ್ಟಿ ಅಂತ ಬರೆದುಕೊಳ್ಳಿ.

ಎದುರಾಳಿಗಳ ಹೆಸರನ್ನು ಓಡಿಸಿಕೊಂಡು ಓದಬೇಡಿ. ಕಾಲೇಜುಗಳ ನಡುವೆ ಕ್ಯಾಂಪ್ ಪೆಂಡಲ್ಟನ್, ಸ್ಯಾನ್ ಡಿಯೇಗೊ ನೇವಿ ಅಂತ ಬರುತ್ತವೆ. ಅವು ಸೈನ್ಯದ ತಂಡಗಳು. ಆಗ ಕೊರಿಯಾ ಯುದ್ಧ ನಡೆಯುತ್ತಿತ್ತು. ಹಿಂದಿನ ಮಹಾಯುದ್ಧದ ನೆರಳು ಡಾನ್ಸ್ ತಂಡದೊಳಗೂ ಇತ್ತು: ಜಿನೋ ಮಾರ್ಕೆಟಿ ಯೂರೋಪಿನ ರಣರಂಗ ನೋಡಿ ಬಂದು ಆಮೇಲೆ ಕಾಲೇಜಿಗೆ ಸೇರಿದವರು. ಇಂಥದ್ದಕ್ಕೆ ನೋಟ್‌ಬುಕ್ಕಿನ ಅಂಚಿನಲ್ಲಿ ಒಂದು ಕಾಲಂ ಬಿಡಿ. ನನ್ನದರಲ್ಲಿ ನ್ಯೂಯಾರ್ಕಿನಲ್ಲಿ ಫೋರ್ಡಮ್ ವಿರುದ್ಧ 32–26ರಲ್ಲಿ ಗೆದ್ದ ಸಾಲಿನ ಪಕ್ಕ, ಆಲಿ ಮ್ಯಾಟ್ಸನ್ ಎರಡು ಸಲ ಕಿಕಾಫ್ ಚೆಂಡು (ಆಟ ಶುರು ಮಾಡಲು ಎದುರಾಳಿ ಒದ್ದು ಕಳಿಸುವ ಚೆಂಡು) ಹಿಡಿದು ಮೈದಾನದ ಉದ್ದಕ್ಕೂ ಓಡಿದ್ದು ಬರೆದಿದೆ. ಆ ವರ್ಷ ಆತ ಓಡಿದ್ದು 1,566 ಗಜ, ದೇಶಕ್ಕೇ ಹೆಚ್ಚು. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತದಲ್ಲಿ ಮಾತ್ರ ಒಂಬತ್ತನೆಯ ಸ್ಥಾನ. ನನಗಿದು ಈಗಲೂ ಅರಗಿಲ್ಲ.

ರ‍್ಯಾಂಕಿಂಗ್ ಕಾಲಂ ನಂಬಿ ಕೂರಬೇಡಿ. ಎಪಿ ಸುದ್ದಿಸಂಸ್ಥೆಯ ಕೊನೆಯ ಪಟ್ಟಿ ಆಗ ಬೌಲ್ ಪಂದ್ಯಗಳಿಗೆ, ಅಂದರೆ ಋತು ಮುಗಿದ ಮೇಲೆ ಒಳ್ಳೆಯ ತಂಡಗಳನ್ನು ಕರೆದು ಆಡಿಸುವ ಪಂದ್ಯಗಳಿಗೆ, ಮುಂಚೆಯೇ ಮುಗಿಯುತ್ತಿತ್ತು. ಟೆನೆಸಿ ಹೀಗೆ ಮೊದಲ ಸ್ಥಾನದ ಕಿರೀಟ ಇಟ್ಟುಕೊಂಡೇ ಹೊಸ ವರ್ಷದ ದಿನ ಶುಗರ್ ಬೌಲಿನಲ್ಲಿ ಮೇರಿಲ್ಯಾಂಡಿಗೆ 28–13ರಿಂದ ಸೋತಿತು. ಡಾನ್ಸ್‌ಗೆ ಸಿಕ್ಕಿದ್ದು 14ನೆಯ ಸ್ಥಾನ.

ಈಗ ಮುಖ್ಯ ಪಾಠ, ಇದು ಕ್ರಿಕೆಟ್ ಪುಸ್ತಕ ನನಗೆ ಕಲಿಸದೇ ಇದ್ದದ್ದು. ಕೊನೆಯ ಸಾಲಿನ ಕೆಳಗೆ ಖಾಲಿ ಜಾಗ ಇದೆಯಾ ನೋಡಿ. ಸೋಲದ ತಂಡಕ್ಕೆ ಅಲ್ಲಿ ಒಂದು ಬೌಲ್ ಪಂದ್ಯ ಇರಬೇಕಿತ್ತು. ಮ್ಯಾಟ್ಸನ್, ಬರ್ಲ್ ಟೋಲರ್ ಇಬ್ಬರೂ ಕಪ್ಪು ಆಟಗಾರರು. ಅವರನ್ನು ಬಿಟ್ಟು ಬಂದರೆ ಆಗ ವರ್ಣಭೇದ ಇದ್ದ ದಕ್ಷಿಣದ ರಾಜ್ಯಗಳ ಬೌಲ್ ಪಂದ್ಯಕ್ಕೆ ಕರೆಯುತ್ತೇವೆ ಅನ್ನುವ ಮಾತು ಬಂತು, ಹುಡುಗರು ಒಪ್ಪಲಿಲ್ಲ ಅಂತ ಆ ತಂಡದವರೇ ಮುಂದೆ ಎಷ್ಟೋ ವರ್ಷ ಹೇಳಿಕೊಂಡು ಬಂದರು. ನಾನು ಹತ್ತನೆಯ ಸಾಲು ಎಳೆದು "ಆಡಲಿಲ್ಲ" ಅಂತ ಬರೆದೆ. ಮಗಳು ಬಗ್ಗಿ ನೋಡಿ, "ಅಪ್ಪಾ, ಹೋಗಲಿಲ್ಲ ಅಂತ ಬರಿ" ಅಂದಳು. ತಿದ್ದಿದೆ.

ಆಮೇಲೆ ಮುಂದಿನ ವರ್ಷದ ಪುಟ ಹುಡುಕಿ. 1952ಕ್ಕೆ ಪಟ್ಟಿಯೇ ಇಲ್ಲ. ದುಡ್ಡಿನ ನಷ್ಟ ತಾಳದೆ ಕಾಲೇಜು ಫುಟ್‌ಬಾಲ್ ನಿಲ್ಲಿಸಿತು. ಹಾಗಂತ ಹೆಸರುಗಳನ್ನು ಅಲ್ಲಿಗೇ ಬಿಡಬೇಡಿ. ಮ್ಯಾಟ್ಸನ್ ಅದೇ ವರ್ಷ ಹೆಲ್ಸಿಂಕಿ ಒಲಿಂಪಿಕ್ಸಿನ 400 ಮೀಟರ್ ಓಟದಲ್ಲಿ ಕಂಚು ತಂದರು. ಟೋಲರ್ 1965ರಲ್ಲಿ ವೃತ್ತಿಪರ ಫುಟ್‌ಬಾಲಿನ ಲೀಗ್ ಆದ ಎನ್‌ಎಫ್‌ಎಲ್‌ನ ಮೊದಲ ಕಪ್ಪು ಅಂಪೈರ್ ವರ್ಗದವರಾದರು, ಇಲ್ಲಿ ಅವರಿಗೆ ಅಫಿಶಿಯಲ್ ಅನ್ನುತ್ತಾರೆ. ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದ ಪೀಟ್ ರೋಜೆಲ್ 1960ರಲ್ಲಿ ಆ ಲೀಗಿಗೇ ಕಮಿಷನರ್.

ಕೈ ಪಳಗಬೇಕಾದರೆ ನೆರೆಯ ಸಾಂಟಾ ಕ್ಲಾರಾದ 1952ರ ಪಟ್ಟಿ ತೆಗೆದುಕೊಳ್ಳಿ. ಆ ಕಾಲೇಜೂ ಅಲ್ಲಿಗೆ ಆಟ ನಿಲ್ಲಿಸಿತ್ತು. ಪೆನ್ಸಿಲಿನಲ್ಲೇ ಬರೆಯಿರಿ, ರಬ್ಬರು ಪಕ್ಕದಲ್ಲಿರಲಿ.