ಅಧ್ಯಕ್ಷೀಯ ಅಭ್ಯರ್ಥಿಯ ನಿಜವಾದ ನಿಲುವನ್ನು ಅಳೆಯುವ ಬಗೆ

ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ ಹತ್ತಿರವಾದಂತೆಲ್ಲ ಮತದಾರರ ನಡುವೆ ಒಂದು ವಾದ ಕಾವೇರುತ್ತದೆ: ಈ ಅಭ್ಯರ್ಥಿ ನಿಜಕ್ಕೂ ಸಂಪ್ರದಾಯವಾದಿಯೇ, ಆ ಅಭ್ಯರ್ಥಿ ಎದುರಾಳಿಗಳು ದೂರುವಷ್ಟು ಉದಾರವಾದಿಯೇ? ಅಲ್ಲಿನ ಪೌರತ್ವ ಪಡೆದು ಮತ ಹಾಕುವ ಕನ್ನಡಿಗರ ಮನೆಗಳಲ್ಲೂ ಈ ವಾದ ನಡೆಯುತ್ತದೆ. ಒಬ್ಬರು ತೆರಿಗೆಯನ್ನೂ ಇನ್ನೊಬ್ಬರು ಗರ್ಭಪಾತದ ಕಾನೂನನ್ನೂ ಮನಸ್ಸಿನಲ್ಲಿಟ್ಟುಕೊಂಡು, ಒಬ್ಬರು ಹತ್ತು ವರ್ಷದ ಹಿಂದಿನ ಮಾತನ್ನೂ ಇನ್ನೊಬ್ಬರು ಕಳೆದ ವಾರದ ಭಾಷಣವನ್ನೂ ಹಿಡಿದುಕೊಂಡು ಮಾತನಾಡುವುದರಿಂದ ಅದು ಬಗೆಹರಿಯುವುದಿಲ್ಲ. ಹಣೆಪಟ್ಟಿಯನ್ನು ಬದಿಗಿಟ್ಟು ದಾಖಲೆಯನ್ನು ಓದುವ ಕ್ರಮವೊಂದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ವಿಷಯಗಳನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಿ. ತೆರಿಗೆ, ಆರೋಗ್ಯ ವಿಮೆ, ಗರ್ಭಪಾತ, ಬಂದೂಕು, ವಲಸೆ, ಪರಿಸರ, ಆಮದು ಸುಂಕ, ವಿದೇಶಾಂಗ ನೀತಿ ಇವಕ್ಕೆ ಒಂದೊಂದು ಅಂಕಣವಿರಲಿ. ಎಲ್ಲ ಅಂಕಣಗಳಲ್ಲೂ ಒಂದೇ ಕಡೆ ನಿಲ್ಲುವ ರಾಜಕಾರಣಿ ಅಪರೂಪ. ಸಂಪ್ರದಾಯವಾದದತ್ತ ವಾಲುವ ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್ 1970ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆಯನ್ನು ಸ್ಥಾಪಿಸಿದರು, 1971ರಲ್ಲಿ ಕೂಲಿ ಮತ್ತು ಬೆಲೆಗಳ ಮೇಲೆ ಸರ್ಕಾರದ ನಿಯಂತ್ರಣ ಹೇರಿದರು. ಉದಾರವಾದದತ್ತ ವಾಲುವ ಡೆಮಾಕ್ರಾಟಿಕ್ ಪಕ್ಷದ ಬಿಲ್ ಕ್ಲಿಂಟನ್ 1996ರಲ್ಲಿ ಬಡವರಿಗೆ ಸಿಗುತ್ತಿದ್ದ ಸರ್ಕಾರಿ ನೆರವಿಗೆ ಕಾಲಮಿತಿ ಮತ್ತು ದುಡಿಮೆಯ ಷರತ್ತು ವಿಧಿಸಿದ ಕಾನೂನಿಗೆ ಅಂಕಿತ ಹಾಕಿದರು.

ಪ್ರತಿ ನಿಲುವಿನ ಮುಂದೆ ಇಸವಿಯನ್ನೂ ತಪ್ಪದೆ ಬರೆಯಿರಿ. ರಿಪಬ್ಲಿಕನ್ ಮಿಟ್ ರಾಮ್ನಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದಾಗ, 2006ರಲ್ಲಿ, ರಾಜ್ಯದ ನಿವಾಸಿಗಳು ಆರೋಗ್ಯ ವಿಮೆ ಹೊಂದಿರಲೇಬೇಕೆಂಬ ಕಾನೂನಿಗೆ ಸಹಿ ಹಾಕಿದ್ದರು. 2012ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ ತಾವು ಕಟ್ಟಾ ಸಂಪ್ರದಾಯವಾದಿ ಗವರ್ನರ್ ಆಗಿದ್ದುದಾಗಿ ಹೇಳಿಕೊಂಡರು. ಅವರು ಬಣ್ಣ ಬದಲಿಸಿದರೆಂದು ಟೀಕಿಸುವ ಮುನ್ನ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕಡ್ಡಾಯ ವಿಮೆಯ ಯೋಜನೆಯನ್ನು 1989ರಲ್ಲಿ ಮುಂದಿಟ್ಟದ್ದು ಸಂಪ್ರದಾಯವಾದಿಗಳದ್ದೇ ಚಿಂತನ ಸಂಸ್ಥೆಯಾದ ಹೆರಿಟೇಜ್ ಫೌಂಡೇಶನ್. ಅದೇ ಕಲ್ಪನೆ 2010ರಲ್ಲಿ ಬರಾಕ್ ಒಬಾಮ ಅವರ ಆರೋಗ್ಯ ಕಾಯ್ದೆಯಲ್ಲಿ ಬಂದಾಗ, ಆ ಕಾಯ್ದೆಯ ಅಂತಿಮ ರೂಪಕ್ಕೆ ರಿಪಬ್ಲಿಕನ್ ಸದಸ್ಯರೊಬ್ಬರೂ ಮತ ನೀಡಲಿಲ್ಲ. ಎಂದರೆ ವ್ಯಕ್ತಿ ಜರುಗುವುದಷ್ಟೇ ಅಲ್ಲ, ಅಳತೆಗೋಲೂ ಜರುಗುತ್ತದೆ. ಆದ್ದರಿಂದ ಅಭ್ಯರ್ಥಿಯ ನಿಲುವಿನ ಪಕ್ಕದಲ್ಲೇ ಆ ಕಾಲದಲ್ಲಿ ಅವರ ಪಕ್ಷದ ಬಹುಪಾಲು ಜನ ಎಲ್ಲಿ ನಿಂತಿದ್ದರೆಂಬುದನ್ನೂ ಗುರುತು ಮಾಡಿಕೊಳ್ಳಿ.

ಸದಸ್ಯರು ಹಾಕಿದ ಮತಗಳನ್ನು ಲೆಕ್ಕಹಾಕಿ ಅವರ ನಿಲುವಿಗೆ ಅಂಕ ಕೊಡುವ ಪಟ್ಟಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ನ್ಯಾಷನಲ್ ಜರ್ನಲ್ ಪತ್ರಿಕೆ ತನ್ನ ಲೆಕ್ಕಾಚಾರದಲ್ಲಿ 2004ರ ಡೆಮಾಕ್ರಾಟ್ ಅಭ್ಯರ್ಥಿ ಜಾನ್ ಕೆರ್ರಿ ಅವರನ್ನು 2003ನೇ ವರ್ಷದ ಅತ್ಯಂತ ಉದಾರವಾದಿ ಸೆನೆಟರ್ ಎಂದೂ, ಒಬಾಮ ಅವರನ್ನು 2007ನೇ ವರ್ಷದ ಅತ್ಯಂತ ಉದಾರವಾದಿ ಸೆನೆಟರ್ ಎಂದೂ ಗುರುತಿಸಿತು. ಎದುರಾಳಿಗಳು ಈ ಮಾತನ್ನು ಮುಂದಿನ ಚುನಾವಣೆಗಳಲ್ಲಿ ಧಾರಾಳವಾಗಿ ಬಳಸಿಕೊಂಡರು. ಇಬ್ಬರೂ ತಮ್ಮ ತಮ್ಮ ಆ ವರ್ಷದಲ್ಲಿ ಪ್ರಚಾರದಲ್ಲಿ ಮುಳುಗಿ ಸೆನೆಟಿನ ಅನೇಕ ಮತದಾನಗಳಿಗೆ ಗೈರುಹಾಜರಾಗಿದ್ದರು, ಆದ್ದರಿಂದ ಆ ಶ್ರೇಯಾಂಕ ನಿಂತದ್ದು ಅವರು ಹಾಕಿದ ಉಳಿದ ಮತಗಳ ಮೇಲೆ ಮಾತ್ರ. ಕೀತ್ ಪೂಲ್ ಮತ್ತು ಹೋವರ್ಡ್ ರೋಸೆಂತಾಲ್ ರೂಪಿಸಿದ ನಾಮಿನೇಟ್ ಎಂಬ ಅಳತೆ ಇದಕ್ಕಿಂತ ಗಟ್ಟಿಯಾದದ್ದು. ಆಯ್ದ ಕೆಲವನ್ನಲ್ಲದೆ ದಾಖಲಾದ ಮತಗಳನ್ನು ಒಟ್ಟಾರೆಯಾಗಿ ಪರಿಗಣಿಸಿ ಅದು ಸದಸ್ಯರನ್ನು -1ರಿಂದ (ಉದಾರವಾದಿ ತುದಿ) +1ರವರೆಗಿನ (ಸಂಪ್ರದಾಯವಾದಿ ತುದಿ) ರೇಖೆಯಲ್ಲಿ ನಿಲ್ಲಿಸುತ್ತದೆ. ಆದರೂ, ಮಸೂದೆ ಸಾಲದೆಂದು ಸಿಟ್ಟಾಗಿ ಸ್ವಂತ ಪಕ್ಷದ ವಿರುದ್ಧ ಮತ ಹಾಕಿದ ಕಡು ಎಡಪಂಥೀಯರು ಈ ರೇಖೆಯಲ್ಲಿ ನಡುಪಂಥೀಯರಂತೆ ಕಾಣಿಸಿಕೊಳ್ಳುವುದುಂಟು.

ಅಂಕಗಳಿಗೆ ಸಿಗದ ಸಂಗತಿಗಳೂ ಇವೆ, ಅದಕ್ಕೆ ನಮ್ಮವರನ್ನೇ ತಟ್ಟುವ ಉದಾಹರಣೆಯೊಂದನ್ನು ಹತ್ತಿರದಿಂದ ನೋಡೋಣ. ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸುಮಾರು ಶೇ 7ಕ್ಕಿಂತ ಹೆಚ್ಚು ಸಿಗಬಾರದೆಂಬ ಮಿತಿಯಿದೆ. ಭಾರತೀಯರ ಸರತಿ ಅಷ್ಟು ಉದ್ದವಾಗಲು ಇದೇ ಮುಖ್ಯ ಕಾರಣ. ಈ ಮಿತಿಯನ್ನು ತೆಗೆಯಲು 2019ರಲ್ಲಿ ಸೆನೆಟಿಗೆ ಬಂದ ಎಸ್. 386 ಮಸೂದೆಯನ್ನು ಮಂಡಿಸಿದವರು ಯೂಟಾದ ಸಂಪ್ರದಾಯವಾದಿ ಮೈಕ್ ಲೀ, ಜೊತೆಯಲ್ಲಿ ಹೆಸರು ಸೇರಿಸಿದವರು ಕಮಲಾ ಹ್ಯಾರಿಸ್. ಅದನ್ನು ಒಂದಲ್ಲ ಒಂದು ಹಂತದಲ್ಲಿ ತಡೆದವರಲ್ಲಿ ಡೆಮಾಕ್ರಾಟ್ ಡಿಕ್ ಡರ್ಬಿನ್ ಅವರೂ ರಿಪಬ್ಲಿಕನ್ ರ‍್ಯಾಂಡ್ ಪಾಲ್ ಅವರೂ ಇದ್ದರು. ಡಿಸೆಂಬರ್ 2020ರಲ್ಲಿ ಸೆನೆಟ್ ಅದನ್ನು ಸರ್ವಾನುಮತದ ವಿಧಾನದಿಂದ ಅಂಗೀಕರಿಸಿತಾದರೂ, ಪ್ರತಿನಿಧಿ ಸಭೆ ಒಪ್ಪಿದ್ದ ರೂಪಕ್ಕೂ ಅದಕ್ಕೂ ಹೊಂದಾಣಿಕೆಯಾಗದೆ ಮಸೂದೆ ಬಿದ್ದುಹೋಯಿತು. ಸರ್ವಾನುಮತದ ವಿಧಾನದಲ್ಲಿ ಹೆಸರು ಕೂಗಿ ಮತ ದಾಖಲಿಸುವುದಿಲ್ಲವಾದ್ದರಿಂದ ದಾಖಲಾದ ಮತಗಳನ್ನಷ್ಟೇ ಎಣಿಸುವ ಅಂಕಪಟ್ಟಿಗಳಲ್ಲಿ ಅದರ ಗುರುತು ಉಳಿಯುವುದಿಲ್ಲ. ಸರತಿಯಲ್ಲಿ ನಿಂತ ಕುಟುಂಬಕ್ಕೆ ಇದಕ್ಕಿಂತ ಮುಖ್ಯವಾದ ದಾಖಲೆ ಇನ್ನೊಂದಿಲ್ಲ; ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಜಾಲತಾಣದಲ್ಲಿ ಮಸೂದೆಯ ಸಂಖ್ಯೆ ಹಾಕಿದರೆ ಮಂಡಿಸಿದವರು, ಸಹಿ ಸೇರಿಸಿದವರು, ಸೇರಿಸಿದ ದಿನಾಂಕ ಎಲ್ಲವೂ ಸಿಗುತ್ತವೆ. ನಿಮಗೆ ಮುಖ್ಯವಾದ ಎರಡು ಮೂರು ಮಸೂದೆಗಳನ್ನಾದರೂ ಹೀಗೆ ಸ್ವತಃ ತೆರೆದು ನೋಡಿ.

ಗವರ್ನರ್ ಆಗಿದ್ದವರ ವಿಷಯದಲ್ಲಿ ಅವರು ಸಹಿ ಹಾಕಿದ ಹಾಗೂ ಹಿಂತಿರುಗಿಸಿದ ಮಸೂದೆಗಳನ್ನು ನೋಡಬೇಕು. ಶಾಸನಸಭೆಯಲ್ಲಾಗಲಿ ಆಡಳಿತದಲ್ಲಾಗಲಿ ದಾಖಲೆಯೇ ಇಲ್ಲದವರಿದ್ದರೆ, ಅವರು ಯಾರನ್ನು ನೇಮಿಸುವುದಾಗಿ ಹೇಳುತ್ತಾರೆಂಬುದೇ ದೊಡ್ಡ ಸುಳಿವು. ಡೊನಾಲ್ಡ್ ಟ್ರಂಪ್ 1999ರಲ್ಲಿ ದೂರದರ್ಶನ ಸಂದರ್ಶನವೊಂದರಲ್ಲಿ ಗರ್ಭಪಾತದ ಆಯ್ಕೆಯ ಹಕ್ಕನ್ನು ಬೆಂಬಲಿಸಿದ್ದರು. ಆ ಮಾತನ್ನು ನೆನಪಿಟ್ಟುಕೊಂಡು, ಅವರು ಒಳಗೊಳಗೇ ನಡುಪಂಥೀಯರೆಂದು 2016ರಲ್ಲಿ ನಂಬಿದವರು ಅನೇಕರು. ಅದೇ ವರ್ಷ ಅವರು ಸುಪ್ರೀಂ ಕೋರ್ಟಿಗೆ ಆಯ್ಕೆ ಮಾಡಬಹುದಾದ ನ್ಯಾಯಾಧೀಶರ ಪಟ್ಟಿಯನ್ನು ಬಹಿರಂಗವಾಗಿ ಪ್ರಕಟಿಸಿದ್ದರು. ಗೆದ್ದ ಮೇಲೆ ನೇಮಿಸಿದ ಮೂವರೂ 2022ರಲ್ಲಿ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ರದ್ದುಮಾಡಿದ ಬಹುಮತದಲ್ಲಿದ್ದರು. ಹಳೆಯ ಸಂದರ್ಶನಕ್ಕಿಂತ ಆ ಪಟ್ಟಿಯೇ ಹೆಚ್ಚು ನಿಜ ಹೇಳಿತ್ತು.

ನಿಲುವು ಬದಲಾದಾಗ ಹಳೆಯದು, ಹೊಸದು ಎರಡನ್ನೂ ಬರೆದು, ನಡುವೆ ಅಧಿಕಾರದಲ್ಲಿದ್ದಾಗ ಏನು ಮಾಡಿದರೆಂದು ಹುಡುಕಿ. ಬಂಡೆಯೊಡೆದು ತೈಲ, ಅನಿಲ ತೆಗೆಯುವ ಫ್ರ್ಯಾಕಿಂಗ್ ವಿಧಾನವನ್ನು ನಿಷೇಧಿಸುವ ಪರವೆಂದು ಹ್ಯಾರಿಸ್ 2019ರಲ್ಲಿ ಹೇಳಿದ್ದರು, 2024ರಲ್ಲಿ ನಿಷೇಧಿಸುವುದಿಲ್ಲವೆಂದರು. ನಡುವೆ 2022ರಲ್ಲಿ ಉಪಾಧ್ಯಕ್ಷರಾಗಿ ಅವರು ಸೆನೆಟಿನಲ್ಲಿ ನಿರ್ಣಾಯಕ ಮತ ಹಾಕಿದ ಕಾಯ್ದೆಯಲ್ಲಿ ಹವಾಮಾನಕ್ಕಾಗಿ ಭಾರಿ ಮೊತ್ತವೂ ಇತ್ತು, ತೈಲ ಗುತ್ತಿಗೆಗಳಿಗೆ ಅವಕಾಶವೂ ಇತ್ತು. ಇಂಥ ಮತವನ್ನು ಒಂದೇ ಕಡೆಗೆ ಎಳೆಯದೆ, ಪರಿಸರದ ಅಂಕಣದಲ್ಲಿ ಎರಡೂ ಅಂಶಗಳನ್ನು ಬರೆದುಕೊಳ್ಳಿ.