ಅರ್ಧಕ್ಕೆ ನಿಂತ ರ‍್ಯಾಟ್ ರಾಡ್ ಮಾರುವುದು ಹೇಗೆ?

ಅಮೆರಿಕದ ಎಷ್ಟೋ ಗ್ಯಾರೇಜುಗಳಲ್ಲಿ ಇಂಥದ್ದೊಂದು ನಿಂತಿರುತ್ತದೆ. 1950ರ ಆಸುಪಾಸಿನ ಶೆವ್ರೊಲೆ ಅಥವಾ ಫೋರ್ಡ್ ಪಿಕಪ್ಪಿನ ಕ್ಯಾಬ್ (ಡ್ರೈವರ್ ಕೂರುವ ಭಾಗ), ಅದರ ಕೆಳಗೆ ಬೇರೆ ಯಾವುದೋ ಗಾಡಿಯ ಚಾಸಿ, ಮುಂದೆ ಬಾನೆಟ್ ಇಲ್ಲದ ವಿ8 ಎಂಜಿನ್, ಮೈಮೇಲೆ ಪೇಂಟ್ ಬದಲು ತುಕ್ಕು. ಇದಕ್ಕೆ ರ‍್ಯಾಟ್ ರಾಡ್ ಅಂತಾರೆ. ಹಳೇ ಕಾರಿಗೆ ಬಲವಾದ ಎಂಜಿನ್ ಕೂರಿಸಿ ಸಿಂಗರಿಸಿದ, ಹೊಳೆಯುವ ಹಾಟ್ ರಾಡ್‌ಗೆ ದುಡ್ಡು ಸುರಿಯಲು ಆಗದವರು, ಮನಸ್ಸಿಲ್ಲದವರು, ಸಿಕ್ಕ ಸಾಮಾನು ಸೇರಿಸಿ ಕೈಯಾರೆ ಕಟ್ಟುವ ಗಾಡಿ. ಅದು ಅರ್ಧಕ್ಕೆ ನಿಲ್ಲುವುದೂ ಮಾಮೂಲು. ಕೆಲಸ ಬದಲಾಗುತ್ತದೆ, ಮನೆ ಬದಲಾಗುತ್ತದೆ, ಮಗು ಹುಟ್ಟುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಮಾರಲು ಹೊರಟವರು ಎಂಜಿನ್ ಫೋಟೊದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಕಾಗದದಿಂದ.

ಮೊದಲು ಟೈಟಲ್

ಗಾಡಿ ಯಾರದ್ದು ಅಂತ ರಾಜ್ಯ ಸರ್ಕಾರ ಕೊಡುವ ಪತ್ರವೇ ಟೈಟಲ್. ಅದು ನಿಮ್ಮ ಹೆಸರಿನಲ್ಲಿದೆಯಾ? ಹಿಂದಿನವರ ಸಹಿ ಹಾಕಿಸಿಕೊಂಡು ಹಾಗೇ ಡ್ರಾಯರ್‌ನಲ್ಲಿ ಇಟ್ಟಿದ್ದರೆ, ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನಡುವೆ ನಿಮ್ಮ ಹೆಸರೇ ಬರದಂತೆ ಮುಂದಿನವರಿಗೆ ದಾಟಿಸುವುದಕ್ಕೆ ಟೈಟಲ್ ಜಂಪಿಂಗ್ ಅನ್ನುತ್ತಾರೆ, ಅದು ಕಾನೂನಿಗೆ ವಿರುದ್ಧ.

ಆಮೇಲೆ ಟೈಟಲ್ ಮೇಲಿನ ನಂಬರ್, ಗಾಡಿ ಮೇಲಿನ ನಂಬರ್ ತಾಳೆ ನೋಡಿ. 17 ಅಂಕಿ-ಅಕ್ಷರಗಳ ವಿನ್ (ಗಾಡಿಯ ಗುರುತಿನ ನಂಬರ್) ಕಡ್ಡಾಯವಾಗಿದ್ದು 1981ರ ಮಾಡೆಲ್‌ಗಳಿಂದ. ಅದಕ್ಕಿಂತ ಹಳೆಯ ಗಾಡಿಗಳದ್ದು ಚಿಕ್ಕ ನಂಬರ್. 1947ರಿಂದ 1955ರ ನಡುವಿನ ಶೆವ್ರೊಲೆ ಟ್ರಕ್ಕುಗಳಲ್ಲಿ ಡ್ರೈವರ್ ಬಾಗಿಲಿನ ಕಂಬದ ಮೇಲೆ ಪುಟ್ಟ ಪ್ಲೇಟಿನಲ್ಲಿ ಅದು ಇರುತ್ತದೆ. ಕೆಲವು ರಾಜ್ಯಗಳು ಆ ಕಾಲದಲ್ಲಿ ಎಂಜಿನ್ ನಂಬರನ್ನೇ ಟೈಟಲ್‌ಗೆ ಬರೆದಿವೆ. ಹಳೇ ಎಂಜಿನ್ ಗುಜರಿ ಸೇರಿದ್ದರೆ ಆ ನಂಬರ್ ಈಗ ಗಾಡಿಯಲ್ಲಿ ಎಲ್ಲೂ ಸಿಗುವುದಿಲ್ಲ. ಇದು ಕೊಳ್ಳುವವರಿಗೆ ಮೊದಲೇ ಗೊತ್ತಾಗಬೇಕು, ಆರು ತಿಂಗಳ ನಂತರ ನೋಂದಣಿ ಆಫೀಸಿನ ಕೌಂಟರ್ ಮುಂದೆ ನಿಂತಾಗ ಅಲ್ಲ.

ಇನ್ನೊಂದು ತೊಡಕು ಚಾಸಿಯದ್ದು. ಶೆವ್ರೊಲೆ ಎಸ್-10 ಪಿಕಪ್ಪಿನ ಚಾಸಿಯನ್ನು ಹಳೇ ಕ್ಯಾಬಿನ ಕೆಳಗೆ ಕೂರಿಸುವುದು ತುಂಬಾ ಚಾಲ್ತಿಯಲ್ಲಿದೆ, ಯಾಕಂದರೆ ಅಗ್ಗಕ್ಕೆ ಸಿಗುತ್ತದೆ, ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಬಂದೇ ಇರುತ್ತದೆ. ಆಗ ಗಾಡಿಗೆ ಎರಡು ನಂಬರ್, ಕ್ಯಾಬಿನದೊಂದು, ಚಾಸಿಯದೊಂದು. ಯಾವುದನ್ನು ಹಿಡಿದು ನೋಂದಣಿ ಮಾಡುತ್ತಾರೆ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಎರಡೂ ಟೈಟಲ್ ಇದ್ದರೆ ಎರಡನ್ನೂ ಕೊಡಿ. ಪ್ಲೇಟ್ ಕಿತ್ತು ಇನ್ನೊಂದು ಕಡೆ ಹೊಡೆಯುವ ಯೋಚನೆಯೇ ಬೇಡ, ವಿನ್ ತಿದ್ದುವುದು ಫೆಡರಲ್ ಅಪರಾಧ. (ಊರಿಗೆ, ಅಂದರೆ ಭಾರತಕ್ಕೆ ಕಳಿಸಿ ಅಲ್ಲೇ ಮಾರಿದರೆ ಹೇಗೆ ಅಂತ ಕೇಳುವವರಿದ್ದಾರೆ. ಅಲ್ಲಿನ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡಿಗೆ ಅವಕಾಶ ಕೊಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ.)

ಗಾಡಿ ಉರುಳುವಂತಿರಲಿ

ಮಾರುವ ಮುಂಚೆ ಒಂದೇ ಒಂದು ಕೆಲಸಕ್ಕೆ ಸಮಯ ಇದೆ ಅಂದರೆ, ನಾಲ್ಕು ಗಾಲಿ ಹಾಕಿ, ಸ್ಟಿಯರಿಂಗ್ ಜೋಡಿಸಿ. ತಳ್ಳಿದರೆ ಉರುಳುವ, ತಿರುಗಿಸಿದರೆ ತಿರುಗುವ ಗಾಡಿಯನ್ನು ಬಾಡಿಗೆ ಟ್ರೇಲರ್‌ಗೆ ವಿಂಚ್ ಹಾಕಿ ಎಳೆದುಕೊಂಡು ಹೋಗಬಹುದು. ಸ್ಟ್ಯಾಂಡ್ ಮೇಲೆ ಕೂತ ಗಾಡಿಗೆ ಫೋರ್ಕ್‌ಲಿಫ್ಟೋ ನಾಲ್ಕು ಜನ ಸ್ನೇಹಿತರೋ ಬೇಕು, ಅಲ್ಲಿಗೆ ಅರ್ಧ ಗಿರಾಕಿಗಳು ಹಿಂದೆ ಸರಿಯುತ್ತಾರೆ.

ಪೇಂಟ್ ಹೊಡೆಸಲು ಹೋಗಬೇಡಿ. ತುಕ್ಕಿನ ಮೇಲೆ ಪುಟ್ಟಿ, ಪ್ರೈಮರ್ ಬಳಿಯುವುದಂತೂ ಬೇಡವೇ ಬೇಡ. ರ‍್ಯಾಟ್ ರಾಡ್ ಕೊಳ್ಳುವವರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಬರುತ್ತಾರೆ. ಪುಟ್ಟಿ ದಪ್ಪ ಇದ್ದ ಕಡೆ ಅದು ಹಿಡಿಯುವುದಿಲ್ಲ, ಒಂದು ಕಡೆ ಬಿಟ್ಟುಕೊಂಡರೆ ಅವರು ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಬೆಲೆ

ಇಲ್ಲಿ ಎಲ್ಲರಿಗೂ ಹೊಟ್ಟೆ ಉರಿಯುತ್ತದೆ. ರಸೀದಿಗಳನ್ನೆಲ್ಲ ಕೂಡಿಸಿ, ರಜಾ ದಿನಗಳ ದುಡಿಮೆ ಸೇರಿಸಿ ಒಂದು ಮೊತ್ತ ಹಾಕುತ್ತೇವೆ. ಆ ಮೊತ್ತ ಬರುವುದಿಲ್ಲ. ಬಿಡಿ ಭಾಗಗಳ ಲೆಕ್ಕದಿಂದ ಹೊರಡಿ. ಓಡುವ 350 (ಘನ ಇಂಚಿನ) ವಿ8 ಎಂಜಿನ್ ನಿಮ್ಮ ಸುತ್ತಮುತ್ತ ಎಷ್ಟಕ್ಕೆ ಹೋಗುತ್ತದೆ? ಫೋರ್ಡ್ 9 ಇಂಚಿನ ಹಿಂದಿನ ಆಕ್ಸಲ್ ಇದ್ದರೆ ಅದೊಂದಕ್ಕೇ ಗಿರಾಕಿ ಸಿಗುತ್ತಾರೆ. ಕ್ಯಾಬ್ ಶೆವ್ರೊಲೆಯ ಐದು ಕಿಟಕಿಯದ್ದಾ, ಅಂದರೆ ಹಿಂಭಾಗದ ಎರಡೂ ಮೂಲೆಗಳಲ್ಲಿ ಬಾಗಿದ ಗಾಜು ಇರುವಂಥದ್ದಾ? ಹಾಗಿದ್ದರೆ ಮೂರು ಕಿಟಕಿಯ ಕ್ಯಾಬಿಗಿಂತ ಜಾಸ್ತಿ ಬೆಲೆ. ಈ ಬಿಡಿ ಮೊತ್ತವೇ ನಿಮ್ಮ ತಳ, ಅದಕ್ಕಿಂತ ಕೆಳಗೆ ಇಳಿಯುವ ಬದಲು ಬಿಚ್ಚಿ ಮಾರುವುದು ವಾಸಿ. ಆದರೆ ಬಿಚ್ಚಿದರೆ ಕೊನೆಗೆ ಯಾರೂ ಕೇಳದ ಸಾಮಾನು ನಿಮ್ಮಲ್ಲೇ ಉಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಂಬಗಳನ್ನು ಕತ್ತರಿಸಿ ಸೂರು ತಗ್ಗಿಸಿದ ಕ್ಯಾಬ್ ಆಗಿದ್ದರೆ ಗಾಜಿನ ವಿಷಯ ಬಿಡಿಸಿ ಹೇಳಲೇಬೇಕು. 1953ರವರೆಗಿನ ಈ ಶೆವ್ರೊಲೆ ಟ್ರಕ್ಕುಗಳ ಮುಂದಿನ ಗಾಜು ಎರಡು ಚಪ್ಪಟೆ ಹಾಳೆ, ಗಾಜಿನ ಅಂಗಡಿಯಲ್ಲಿ ಹೊಸ ಅಳತೆಗೆ ಕತ್ತರಿಸಿ ಕೊಡುತ್ತಾರೆ. 1954ರಲ್ಲಿ ಬಂದದ್ದು ಬಾಗಿದ ಒಂದೇ ಗಾಜು. ಅಂಥದ್ದನ್ನು, ಹಾಗೇ ಆ ಮೂಲೆ ಗಾಜುಗಳನ್ನು, ತಗ್ಗಿಸಿದ ಸೂರಿಗೆ ಹೊಂದಿಸುವುದು ತಲೆನೋವು. ಸೂರಿನ ವೆಲ್ಡಿಂಗ್ ಮುಗಿಸಿ ಗಾಜಿನ ಹತ್ತಿರ ಬಂದಾಗಲೇ ಎಷ್ಟೋ ಗಾಡಿಗಳು ನಿಲ್ಲುವುದು.

ಜಾಹೀರಾತು

ಆಗಿರುವ ಕೆಲಸಕ್ಕಿಂತ ಬಾಕಿ ಇರುವ ಕೆಲಸದ ಬಗ್ಗೆ ಜಾಸ್ತಿ ಬರೆಯಿರಿ. ಕೊಳ್ಳುವವರು ನಿಜಕ್ಕೂ ಕೊಳ್ಳುತ್ತಿರುವುದು ಆ ಬಾಕಿಯನ್ನು. ‘ಶೇ 90 ಭಾಗ ಮುಗಿದಿದೆ’ ಅನ್ನುವ ಸಾಲನ್ನು ಯಾರೂ ನಂಬುವುದಿಲ್ಲ. ಹೀಗೆ ಬರೆದು ನೋಡಿ:

‘1951 ಶೆವ್ರೊಲೆ 3100 ಕ್ಯಾಬ್, 1994 ಎಸ್-10 ಚಾಸಿ, ಎರಡಕ್ಕೂ ನನ್ನ ಹೆಸರಿನ ಟೈಟಲ್ ಇದೆ. ಎಂಜಿನ್ ಸ್ಟಾರ್ಟ್ ಆಗುತ್ತದೆ, ರೇಡಿಯೇಟರ್ ಸೋರುತ್ತದೆ. ಬ್ರೇಕ್ ಪೈಪ್ ಹಾಕಿಲ್ಲ. ವೈರಿಂಗ್ ಶುರುವೇ ಆಗಿಲ್ಲ. ಎಡಗಡೆ ಕ್ಯಾಬ್ ಮೌಂಟ್ ವೆಲ್ಡ್ ಮತ್ತೆ ಮಾಡಿಸಬೇಕು, ಫೋಟೊ ನೋಡಿ.’

ಆ ಕೊನೆಯ ಸಾಲು ಗಾಡಿ ಮಾರಿಕೊಡುತ್ತದೆ. ಫೋಟೊ ತೆಗೆಯುವಾಗ ಕೆಳಗೆ ಮಲಗಿ ಚಾಸಿ ತೆಗೆಯಿರಿ, ವೆಲ್ಡಿಂಗ್ ಗೆರೆ ಒಂದೊಂದನ್ನೂ ಹತ್ತಿರದಿಂದ. ಸ್ಟಿಯರಿಂಗ್ ಬಾಕ್ಸ್, ಸಸ್ಪೆನ್ಷನ್ ಹಿಡಿದಿರುವ ವೆಲ್ಡ್ ಮೇಲೆ ಒಬ್ಬರ ಜೀವ ನಿಂತಿರುತ್ತದೆ, ಇಲ್ಲಿ ಮುಚ್ಚುಮರೆ ಸಲ್ಲ. ಎಂಜಿನ್ ವಿಡಿಯೊ ತಣ್ಣಗಿರುವಾಗಿನಿಂದಲೇ ಶುರುವಾಗಲಿ, ಆಯಿಲ್ ಪ್ರೆಷರ್ ಮುಳ್ಳು ಕಾಣಲಿ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಕ್ರೇಗ್ಸ್‌ಲಿಸ್ಟ್ ಹತ್ತಿರದವರಿಗೆ. ಈಬೇ ಮೋಟಾರ್ಸ್ ದೂರದವರಿಗೆ. ಹಳೇ ಗಾಡಿ, ಬಿಡಿ ಭಾಗಗಳ ಸಂತೆ ಇರುತ್ತದಲ್ಲ, ನಿಮ್ಮೂರಿನ ಆ ಸ್ವಾಪ್ ಮೀಟ್‌ಗೆ ಟ್ರೇಲರ್‌ನಲ್ಲಿ ಒಯ್ದರೆ ಇನ್ನೂ ಒಳ್ಳೆಯದು, ಕೈಯಿಂದ ಮುಟ್ಟಿ ನೋಡಿದವರು ಬೇಗ ತೀರ್ಮಾನ ಮಾಡುತ್ತಾರೆ.

ದುಡ್ಡು, ಸಹಿ

ಬ್ರೇಕ್ ಇಲ್ಲದ ಗಾಡಿಯನ್ನು ಯಾರಿಗೂ ಓಡಿಸಲು ಕೊಡಬೇಡಿ, ‘ಬೀದಿ ಕೊನೆವರೆಗೆ ಅಷ್ಟೇ’ ಅಂದರೂ ಬೇಡ.

ನೋಡದೆಯೇ ಒಪ್ಪಿ, ಬೆಲೆಗಿಂತ ಜಾಸ್ತಿ ಮೊತ್ತದ ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ಬರೆದುಕೊಡುವ ಚೆಕ್) ಕಳಿಸಿ, ‘ಉಳಿದದ್ದನ್ನು ಸಾಗಿಸುವವರಿಗೆ ಕೊಟ್ಟುಬಿಡಿ’ ಅನ್ನುವವರು ಮೋಸಗಾರರು. ಚೆಕ್ ನಕಲಿ ಅಂತ ಬ್ಯಾಂಕಿಗೆ ಗೊತ್ತಾಗುವ ಹೊತ್ತಿಗೆ ನೀವು ಕಳಿಸಿದ ದುಡ್ಡು ಹೋಗಿರುತ್ತದೆ. ಕೊಳ್ಳುವವರ ಬ್ಯಾಂಕಿನಲ್ಲೇ ಭೇಟಿಯಾಗಿ, ನಿಮ್ಮ ಕಣ್ಣೆದುರೇ ಚೆಕ್ ಬರೆಸಿ.

ಮಾರಾಟದ ಪತ್ರ, ಅಂದರೆ ಬಿಲ್ ಆಫ್ ಸೇಲ್‌ನಲ್ಲಿ ಎರಡೂ ನಂಬರ್, ಬೆಲೆ, ತಾರೀಖು, ಜೊತೆಗೆ ‘ಇದ್ದ ಸ್ಥಿತಿಯಲ್ಲಿ, ಅಪೂರ್ಣ, ರಸ್ತೆಗೆ ಇಳಿಸುವಂತಿಲ್ಲ, ಟ್ರೇಲರ್‌ನಲ್ಲಿ ಒಯ್ಯಲಾಗಿದೆ’ ಎಂದು ಬರೆದು ಇಬ್ಬರೂ ಸಹಿ ಹಾಕಿ. ಬಿಡಿ ಬೋಲ್ಟುಗಳನ್ನು ಎಲ್ಲಿಯದು ಅಂತ ಚೀಟಿ ಅಂಟಿಸಿದ ಚೀಲಗಳಲ್ಲಿ ಕೊಡಿ, ಭಾಗಗಳ ರಸೀದಿಗಳನ್ನೂ ಕೊಡಿ.

ಗಾಡಿ ಗೇಟು ದಾಟಿದ ಮೇಲೆ ಕೈ ಬದಲಾಯಿತು ಅಂತ ಡಿಎಂವಿಗೆ (ರಾಜ್ಯದ ವಾಹನ ನೋಂದಣಿ ಇಲಾಖೆಗೆ) ನೀವೇ ತಿಳಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ 5 ದಿನದ ಗಡುವು. ಬೇರೆ ರಾಜ್ಯಗಳ ನಿಯಮ ಅವುಗಳ ವೆಬ್‌ಸೈಟಿನಲ್ಲೇ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನಂಬರ್ ಪ್ಲೇಟ್ ಸಾಮಾನ್ಯವಾಗಿ ಗಾಡಿಯ ಜೊತೆ ಹೋಗುತ್ತದೆ, ಮಿಷಿಗನ್‌ನಲ್ಲಿ ಬಿಚ್ಚಿ ನೀವೇ ಇಟ್ಟುಕೊಳ್ಳಬೇಕು. ಇದೆಲ್ಲ ದಾಖಲಾದ ಮೇಲಷ್ಟೇ ಇನ್ಶೂರೆನ್ಸ್ ರದ್ದು ಮಾಡಿಸಿ.